ಹಲ್ಲಿನ ಸೆಟ್ಟೂ ‘ನ್ಯಾನೊ’ ಎಂಬ ಮಂತ್ರವೂ

ಮಹಾನಗರಗಳ ದಂತವೈದ್ಯರ ಫಲಕಗಳಲ್ಲಿ ‘ನ್ಯಾನೊ’ ಎಂಬ ಶಬ್ದ ಈಗ ಕಾಣಿಸಿಕೊಳ್ಳತೊಡಗಿದೆ. ಊರಿನಿಂದ ಬಂದು ನೆಲೆಸಿದ ವೃದ್ಧ ತಂದೆತಾಯಿಗಳಿಗೆ ಹಲ್ಲು ಕಟ್ಟಿಸಲು ಹೊರಟವರು, ಆ ಶಬ್ದಕ್ಕಾಗಿ ಹೆಚ್ಚಿನ ಹಣ ತೆರುವ ಮುನ್ನ ಅದರ ಹುರುಳನ್ನು ಅರಿಯುವುದು ಲೇಸು.

ಮೀಟರಿನ ನೂರು ಕೋಟಿಯಲ್ಲೊಂದು ಭಾಗವೇ ನ್ಯಾನೊಮೀಟರ್. ತಲೆಗೂದಲಿನ ದಪ್ಪವೇ ಸುಮಾರು 80,000 ನ್ಯಾನೊಮೀಟರ್. ಹುಳುಕು ಹಲ್ಲಿಗೆ ತುಂಬುವ ಬಿಳಿಯ ಕಾಂಪೋಸಿಟ್ ರಾಳ ಹಾಗೂ ಗಾಜಿನಂಥ ಪುಡಿಯ ಮಿಶ್ರಣ. ಹಿಂದೆ ಆ ಪುಡಿಯ ಕಣಗಳು ದಪ್ಪನಾಗಿದ್ದುದರಿಂದ, ಜಗಿದಂತೆಲ್ಲ ರಾಳ ಸವೆದು, ಕಣಗಳು ಮೇಲೆದ್ದು, ಮೈ ಒರಟಾಗಿ ಕಾಫಿಯ, ಎಲೆಯಡಿಕೆಯ ಕಲೆ ಹಿಡಿಯುತ್ತಿತ್ತು. 2000ದ ನಂತರ ಬಂದ ಬಗೆಯಲ್ಲಿ ಕಣಗಳು 20ರಿಂದ 75 ನ್ಯಾನೊಮೀಟರ್ ಮಾತ್ರ. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ 400ರಿಂದ 700. ಅದಕ್ಕಿಂತ ಎಷ್ಟೋ ಕಿರಿದಾದ ಕಣ ಕಳಚಿ ಬಿದ್ದರೂ ಹೊಳಪು ಕೆಡದು. ಇದು ನಿಜವಾದ ಲಾಭ. ಅರ್ಧದಷ್ಟು ಪಾದರಸವಿರುವ ಬೆಳ್ಳಿಯ ಮಿಶ್ರಣವನ್ನು 2013ರ ಮಿನಮಾಟಾ ಒಪ್ಪಂದದಂತೆ ಜಗತ್ತು ಕಡಿಮೆ ಮಾಡುತ್ತಿರುವಾಗ ಈ ಲಾಭಕ್ಕೆ ಬೆಲೆಯೂ ಹೆಚ್ಚು. ಆದರೆ ಗಟ್ಟಿಯಾಗುವಾಗ ಕುಗ್ಗುವ ರಾಳದ ಹಳೆಯ ಚಾಳಿ ಇನ್ನೂ ಬಿಟ್ಟಿಲ್ಲ. ಅಂಚಿನಲ್ಲಿ ಸಂದು ಬಿಟ್ಟರೆ ಮತ್ತೆ ಹುಳುಕು.

ಸೆಟ್ಟಿನ ಮಾತು ಬೇರೆ. ಅಕ್ರಿಲಿಕ್ಕಿನ ಸೂಕ್ಷ್ಮ ರಂಧ್ರಗಳಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರ ಮನೆ ಮಾಡಿ, ಅಂಗುಳು ಕೆಂಪೇರಿ ಉರಿಯುವುದುಂಟು. ಸಕ್ಕರೆ ಕಾಯಿಲೆಯವರಿಗೆ ಈ ಕಾಟ ಹೆಚ್ಚು. ಅಕ್ರಿಲಿಕ್ಕಿಗೆ ಬೆಳ್ಳಿಯ ನ್ಯಾನೊಕಣ ಬೆರೆಸಿದರೆ ಶಿಲೀಂಧ್ರ ತಗ್ಗುವುದೆಂದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಪ್ರಮಾಣ ಮೀರಿದರೆ ಮಾತ್ರ ಬಣ್ಣ ಕಪ್ಪಾಗುತ್ತದೆ, ಕಣಗಳು ಗಂಟುಕಟ್ಟಿ ಸೆಟ್ಟು ದುರ್ಬಲವಾಗಬಹುದು. ಗಾಜಿನ ತಟ್ಟೆಯಲ್ಲಿ ಗೆದ್ದ ವಸ್ತು, ದಿನವೂ ಬಿಸಿ ಸಾರು, ಉಪ್ಪಿನಕಾಯಿ ಕಾಣುವ ಬಾಯಲ್ಲಿ ಹತ್ತು ವರ್ಷ ಗೆದ್ದೀತೆಂದು ಈಗಲೇ ಹೇಳುವುದು ವ್ಯಾಪಾರದ ಮಾತು, ವೈದ್ಯದ ಮಾತಲ್ಲ. ಯಾವ ವಸ್ತು, ಯಾವ ಕಂಪನಿಯದು, ರೋಗಿಗಳ ಬಾಯಲ್ಲಿ ಎಷ್ಟು ವರ್ಷ ಪರೀಕ್ಷೆಗೊಳಗಾಗಿದೆ ಎಂದು ವೈದ್ಯರನ್ನು ಕೇಳಲು, ಬಿಲ್ಲಿನಲ್ಲಿ ಬರೆಸಿಕೊಳ್ಳಲು ಸಂಕೋಚವೇಕೆ?

ಶಿಲೀಂಧ್ರಕ್ಕೆ ಬಲವಾದ ಮದ್ದು ಇಂದಿಗೂ ಬ್ರಷ್ಷು ಹಾಗೂ ರಾತ್ರಿಯ ವಿಶ್ರಾಂತಿ. ಸೆಟ್ಟನ್ನು ಉಜ್ಜಿ ತೊಳೆದು ತಣ್ಣೀರಿನಲ್ಲಿಡಬೇಕು. ಕುದಿನೀರು ತಗಲಿದರೆ ಅದು ಸೊಟ್ಟಗಾದೀತು. ಆದರೆ ಎರಡು ಕೋಣೆಯ ಮನೆಯಲ್ಲಿ ಸೊಸೆಯ, ಮೊಮ್ಮಕ್ಕಳ ಎದುರು ಬೊಚ್ಚುಬಾಯಿ ತೋರಲು ನಾಚಿ, ಅದನ್ನು ತೆಗೆಯದೆಯೇ ಮಲಗುವ ಹಿರಿಯರು ಎಷ್ಟಿಲ್ಲ! ಮುಚ್ಚಳವುಳ್ಳ ಒಂದು ಡಬ್ಬಿಯನ್ನು ಅವರ ತಲೆದಿಂಬಿನ ಬಳಿ ಇಟ್ಟುಕೊಡುವ ಕೆಲಸವನ್ನು ಯಾವ ನ್ಯಾನೊಕಣವೂ ಮಾಡದು.