ಮಗ್ಗುಲಾಗಿ ಮಲಗುವ ದೈತ್ಯ

ಅಲಾಸ್ಕಾದ ಕಡಲಿನಲ್ಲಿ ಹಾಲಿಬಟ್ ಎಂಬ ಮೀನಿದೆ. ಚಪ್ಪಟೆ ಮೀನುಗಳಲ್ಲಿ ಇದು ದೈತ್ಯ. 200 ಕಿಲೋಗ್ರಾಂ ಮೀರಿ ತೂಗುವ ಮೀನುಗಳೂ ಸಿಕ್ಕಿದ್ದುಂಟು. ಇದನ್ನು ಹಿಡಿಯಲು ಕೆಲವರು ಕಯಾಕ್ ಎಂಬ, ಒಬ್ಬರೇ ಕುಳಿತು ಹುಟ್ಟುಹಾಕುವ ಕಿರುದೋಣಿಯಲ್ಲಿ ಹೋಗುತ್ತಾರೆ. ಗಾಳಕ್ಕೆ ಬಿದ್ದ ಮೀನು ಒಮ್ಮೊಮ್ಮೆ ಗಾಳ ಹಾಕಿದವನಿಗಿಂತಲೂ ಭಾರ! ಹಾಗಾದರೆ ದಾರ ಹರಿಯುವುದಿಲ್ಲವೇ?

ಮೀನು ಅಡ್ಡಲಾಗಿ ಓಡಿದರೆ ಹಗುರವಾದ ದೋಣಿಯೂ ಅದರ ಹಿಂದೆ ಸಾಗುತ್ತದೆ. ಕೆಳಕ್ಕೆ ನುಗ್ಗಿದರೆ ಗಾಳದ ರಾಟೆ ಜಾರಿ ದಾರ ಬಿಟ್ಟುಕೊಡುತ್ತದೆ. ಆದ್ದರಿಂದ ಜಗ್ಗುವ ಬಲ ಒಮ್ಮೆಲೇ ಏರುವುದಿಲ್ಲ. ಆದರೆ ದಾರ ದೋಣಿಯ ಮೂತಿಯ ಕಡೆಗೇ ಇರಬೇಕು. ಮಗ್ಗುಲಿಗೆ ತಿರುಗಿದರೆ ಕಿರಿದಾದ ದೋಣಿ ಮಗುಚೀತು. ಅಲ್ಲಿಯ ನೀರು ಕೊರೆಯುವಷ್ಟು ತಣ್ಣಗೆ. ಬಿದ್ದವನ ಕೈಕಾಲು ಬೇಗನೆ ಸೋಲುತ್ತವೆ. ಅದಕ್ಕೇ ತೇಲುಕವಚ ತೊಟ್ಟು, ದಾರ ಕತ್ತರಿಸಲು ಚಾಕುವನ್ನು ಕೈಗೆಟಕುವಂತೆ ಇಟ್ಟುಕೊಳ್ಳುತ್ತಾರೆ.

ನಿಜವಾದ ಅಪಾಯ ಮೀನು ಮೇಲೆ ಬಂದಾಗ. ಅನೇಕ ಮೀನುಗಳ ಹೊಟ್ಟೆಯಲ್ಲಿ ಗಾಳಿಚೀಲವಿರುತ್ತದೆ. 50 ಮೀಟರ್ ಆಳದಲ್ಲಿ ಒತ್ತಡ ಸುಮಾರು 6 ವಾಯುಭಾರ. ಅಲ್ಲಿಂದ ಸರಕ್ಕನೆ ಮೇಲೆಳೆದರೆ, ಬಾಯ್ಲನ ನಿಯಮದಂತೆ, ಆ ಗಾಳಿ ಆರು ಪಟ್ಟು ಹಿಗ್ಗಲು ಹವಣಿಸುತ್ತದೆ. ರಾಕ್‌ಫಿಶ್‌ನಂಥ ಮೀನುಗಳು ಉಬ್ಬಿ ನಿಸ್ಸಹಾಯಕವಾಗುವುದು ಹೀಗೆ. ತಳದಲ್ಲೇ ಮಲಗುವ ಬೆಳೆದ ಹಾಲಿಬಟ್‌ಗೆ ಗಾಳಿಚೀಲವೇ ಇಲ್ಲ! ಹಾಗಾಗಿ ಅದು ಮೇಲೆ ಬಂದಾಗಲೂ ಕಸುವು ಉಳಿದಿರುತ್ತದೆ. ಅದನ್ನು ಹಾಗೆಯೇ ದೋಣಿಗೆ ಎಳೆದುಕೊಂಡರೆ ಬಾಲದ ಒಂದೇ ಹೊಡೆತಕ್ಕೆ ಅನಾಹುತವಾದೀತು.

ಗಾಳಿಚೀಲವಿಲ್ಲದ್ದರಿಂದ ಇನ್ನೊಂದು ಲಾಭವೂ ಇದೆ. ಗಾಯವಾಗದಂತೆ ಗಾಳ ಬಿಡಿಸಿದರೆ ಮೀನು ಮತ್ತೆ ತಳ ಸೇರಿ ಬದುಕಬಲ್ಲದು. ಬಹು ದೊಡ್ಡ ಹಾಲಿಬಟ್‌ಗಳು ಹೆಣ್ಣುಗಳೇ. ಒಂದೊಂದೂ ಲಕ್ಷಗಟ್ಟಲೆ ಮೊಟ್ಟೆಯಿಡುತ್ತದೆ. ಮೊಟ್ಟೆಯಿಡುವಷ್ಟು ಬೆಳೆಯಲು ಅದಕ್ಕೆ ಹತ್ತಕ್ಕೂ ಹೆಚ್ಚು ವರ್ಷ ಬೇಕು. ಆದ್ದರಿಂದ ಎಷ್ಟೋ ಜನ ದೊಡ್ಡದನ್ನು ನೀರಿಗೇ ಬಿಟ್ಟು, ಊಟಕ್ಕೆ ಚಿಕ್ಕದನ್ನು ಒಯ್ಯುತ್ತಾರೆ.

ಮರಿಯಾಗಿದ್ದಾಗ ಹಾಲಿಬಟ್ ಎಲ್ಲ ಮೀನುಗಳಂತೆಯೇ ನೆಟ್ಟಗೆ ಈಜುತ್ತದೆ. ಕಣ್ಣುಗಳು ಎರಡು ಪಕ್ಕಗಳಲ್ಲಿರುತ್ತವೆ. ಬೆಳೆಯುತ್ತ ಎಡಗಣ್ಣು ತಲೆಯ ಮೇಲಿನಿಂದ ಬಲಕ್ಕೆ ಸರಿಯುತ್ತದೆ. ಆಮೇಲೆ ಬದುಕೆಲ್ಲ ಮಗ್ಗುಲಾಗಿಯೇ! ನಮ್ಮ ಕರಾವಳಿಯ ನಂಗು ಮೀನೂ ಇದೇ ಗುಂಪಿನದು. ಆದರೆ ಅದರ ಕಣ್ಣುಗಳು ಎಡಮಗ್ಗುಲಿಗೆ. ಮನೆಗೆ ನಂಗು ತಂದಾಗ ಗಮನಿಸಿ.

ಮಾಡಿ ನೋಡಿ: ಸೂಜಿಯಿಲ್ಲದ ಹೊಸ ಸಿರಿಂಜಿನಲ್ಲಿ ಅರ್ಧ ನೀರು ತುಂಬಿ, ಒಂದು ಚಿಕ್ಕ ಗಾಳಿಗುಳ್ಳೆ ಮಾತ್ರ ಉಳಿಸಿ. ತುದಿಯನ್ನು ಬೆರಳಿನಿಂದ ಭದ್ರವಾಗಿ ಮುಚ್ಚಿ, ಹಿಡಿಯನ್ನು ಹಿಂದಕ್ಕೆ ಎಳೆಯಿರಿ. ಗುಳ್ಳೆ ಏನಾಯಿತು? ಏಕೆ?