ಲೂಟಿಗೆ ಕಾಣಿಕೆ ಅನ್ನಬೇಡಿ

2023ರ ಮೇ 23ರಂದು ಲಂಡನ್ನಿನ ಬೋನಮ್ಸ್ ಹರಾಜು ಮನೆಯಲ್ಲಿ ಟಿಪ್ಪು ಸುಲ್ತಾನನ ಕತ್ತಿಯೊಂದು 1 ಕೋಟಿ 40 ಲಕ್ಷ ಪೌಂಡಿಗೆ ಮಾರಾಟವಾಯಿತು. ನಮ್ಮ ಲೆಕ್ಕದಲ್ಲಿ ಸುಮಾರು 140 ಕೋಟಿ ರೂಪಾಯಿ. ಸುದ್ದಿ ಫೋನಿನಿಂದ ಫೋನಿಗೆ ಓಡಿತು. ಹೆಮ್ಮೆಪಟ್ಟವರು ಕೆಲವರು, ಟಿಪ್ಪು ಹೆಸರು ಕೇಳಿಯೇ ಸಿಡುಕಿದವರು ಕೆಲವರು. ಈ ಕತ್ತಿ ಮಾರುವ ಹಕ್ಕು ಅವರಿಗೆ ಬಂದದ್ದಾದರೂ ಹೇಗೆ ಎಂದು ಕೇಳಿದವರು ಕಡಿಮೆ.

ಹೇಗೆಂದು ನಾವು ಹೇಳುತ್ತೇವೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಮೇಜರ್ ಜನರಲ್ ಡೇವಿಡ್ ಬೇರ್ಡ್. 1780ರಲ್ಲಿ ಸೆರೆಸಿಕ್ಕು, ಅದೇ ಶ್ರೀರಂಗಪಟ್ಟಣದಲ್ಲಿ 1784ರವರೆಗೆ ಕೈದಿಯಾಗಿದ್ದವನು. ಅರಮನೆಯಲ್ಲಿ, ಟಿಪ್ಪು ಮಲಗುತ್ತಿದ್ದ ಕೋಣೆಯಲ್ಲಿ ಸಿಕ್ಕ ಕತ್ತಿಯನ್ನು ಅವನ ಶೌರ್ಯ ಮೆಚ್ಚಿ ಸೈನ್ಯವೇ ಅವನಿಗೆ ಕೊಟ್ಟಿತು.

ಕೊಟ್ಟಿತು! ಯಾರದನ್ನು ಯಾರು ಕೊಟ್ಟರು? ಸತ್ತವನ ಮನೆ ಹೊಕ್ಕು ಎತ್ತಿಕೊಂಡದ್ದನ್ನು ತಮ್ಮತಮ್ಮಲ್ಲೇ ಹಂಚಿಕೊಂಡು ಅದಕ್ಕೆ ಕಾಣಿಕೆ ಎಂದು ಹೆಸರಿಟ್ಟರು. ಈ ಒಂದು ಮಾತೇ ಲೂಟಿಯ ಮಾಲನ್ನು ಮನೆತನದ ಆಸ್ತಿ ಮಾಡಿತು. ಕತ್ತಿಯ ಹಿಂದೆ ಇರುವ ಈ ಕಥೆಗೇ ಹರಾಜಿನಲ್ಲಿ ಇಷ್ಟು ಬೆಲೆ. ಅದನ್ನು ಬಡಿದು ಹದ ಮಾಡಿದ ಕಮ್ಮಾರನ ಹೆಸರಿಗೆ ಬಿಡಿಗಾಸಿಲ್ಲ.

ಆ ಕಾಲದ ಯುದ್ಧದ ನಿಯಮವೇ ಹಾಗಿತ್ತು, ಟಿಪ್ಪುವೂ ದೋಚಿರಲಿಲ್ಲವೇ ಎನ್ನುವವರಿದ್ದಾರೆ. ಇರಬಹುದು. ಹಾಗಾದರೆ ಅವನದ್ದಕ್ಕೂ ಲೂಟಿ ಅನ್ನಿ, ಇವರದ್ದಕ್ಕೂ ಲೂಟಿ ಅನ್ನಿ. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಜಗಳಕ್ಕೂ ಇದಕ್ಕೂ ಸಂಬಂಧವಿಲ್ಲ. ಅವನ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಸಿಂಹಾಸನದ ಚಿನ್ನದ ಹುಲಿ ತಲೆ ಇಂಗ್ಲೆಂಡಿನ ರಾಜಮನೆತನದ ಬಳಿ ಇದೆ. ನಾವು ನಮ್ಮನಮ್ಮಲ್ಲೇ ಬಡಿದಾಡುವಷ್ಟು ಕಾಲ ಅಲ್ಲಿ ಯಾರೂ ಉತ್ತರ ಕೊಡಬೇಕಿಲ್ಲ.

ಶ್ರೀರಂಗಪಟ್ಟಣ ಎಲ್ಲಿ, ನಮ್ಮ ಬೀದರ ಎಲ್ಲಿ, ನಮಗೇನು ಎನ್ನಬೇಡಿ. ಅಷ್ಟೂರಿನ ಗುಮ್ಮಟಗಳನ್ನು ನೋಡಿ. ಅಲ್ಲಿ ಮಲಗಿರುವ ಬಹಮನಿ ಸುಲ್ತಾನ ಅಹಮದ್ ಶಾಹ ವಲಿಯನ್ನು ನಮ್ಮ ಜನ ಅಲ್ಲಮಪ್ರಭು ಎಂದೂ ನಂಬುತ್ತಾರೆ. ಪ್ರತಿವರ್ಷದ ಜಾತ್ರೆಗೆ ಹಿಂದೂಗಳೂ ಮುಸಲ್ಮಾನರೂ ಸೇರುತ್ತಾರೆ. ಅವನ ಕಥೆ ಇವತ್ತಿಗೂ ಊರವರ ಬಾಯಲ್ಲಿದೆ. ಅದನ್ನು ಯಾವ ಹರಾಜಿನವನೂ ಎತ್ತಿಕೊಂಡು ಹೋಗಲಾರ.

ನಮ್ಮ ಮನೆಗಳ ಹಳೇ ಸಾಮಾನಿಗೆ ಈ ಕಾವಲಿಲ್ಲ. ದಸರೆಗೆ ಒಮ್ಮೆ ಹೊರತೆಗೆದು ಪೂಜೆ ಮಾಡುವ ಕತ್ತಿಗಳಿವೆ, ಅಜ್ಜಂದಿರ ಕಾಲದ ಬಿದ್ರಿ ಹುಕ್ಕಾ ಬುಡಗಳಿವೆ. ಬಿದ್ರಿ ಕುಸುರಿ ಕತ್ತಿಯ ಹಿಡಿಕೆಗೂ ಏರಿದ ಕಲೆ. ಟಿಪ್ಪುವಿನ ಕತ್ತಿ ಹರಾಜಾದ ವರ್ಷವೇ ಬೀದರಿನ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಅಂಥ ಕೈಕೆಲಸವನ್ನು ನಾವು ಗುಜರಿಯವನ ತಕ್ಕಡಿಗೆ ಹಾಕುತ್ತೇವೆ. ಅದು ನಾಳೆ ಯಾವುದೋ ಪೇಟೆಯಲ್ಲಿ ಇನ್ಯಾರದೋ ಮನೆತನದ ಹೆಸರು ಹೊತ್ತು ಕೂರುತ್ತದೆ.

ಆದ್ದರಿಂದ ನಮ್ಮ ಮಾತು ಇಷ್ಟು. ಮನೆಯಲ್ಲಿ ಹಳೆಯದೇನಿದ್ದರೂ ಇದೇ ಫೋನಿನಲ್ಲಿ ಫೋಟೋ ತೆಗೆಯಿರಿ. ಯಾರದು, ಯಾವ ಕಾಲದ್ದು, ಯಾರು ಮಾಡಿದ್ದು ಎಂದು ಹಿರಿಯರನ್ನು ಕೇಳಿ ಬರೆದಿಡಿ. ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವುದು 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಅಪರಾಧ. ಹೊಲ ಉಳುವಾಗ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕಾನೂನೇ ಇದೆ.

ಹಣ ಕೊಟ್ಟು ಕತ್ತಿಯನ್ನು ವಾಪಸ್ ತರುವುದು ದೊಡ್ಡ ಮಾತಲ್ಲ. ಕದ್ದ ಎತ್ತನ್ನು ಸಂತೆಯಲ್ಲಿ ನಾವೇ ಕೊಂಡಂತೆ ಅದು. ಮೊದಲು ಆ ಕತ್ತಿಯ ಪಕ್ಕದ ಫಲಕದಲ್ಲಿ ಕಾಣಿಕೆ ಎಂಬುದನ್ನು ಅಳಿಸಿ ಲೂಟಿ ಎಂದು ಬರೆಯಲಿ.