ಆಂಪ್ ಮಾರಿದ್ವಿ, ಸೌಂಡ್ ಇಟ್ಕೊಂಡ್ವಿ

ಭಾನುವಾರ ಸಂಜೆ ಆರಕ್ಕೆ ಯಶವಂತಪುರದಿಂದ ಒಬ್ಬ ಹುಡುಗ ಬಂದು ನಮ್ಮ ಆಂಪ್ ತಗೊಂಡು ಹೋಗ್ತಾನೆ ಅಂತ ಮಾತಾಗಿತ್ತು. ನಾನು ಆರ್.ಟಿ. ನಗರದಲ್ಲಿರೋ ಗೆಳೆಯನ ಮನೆ ಕಾರ್ ಶೆಡ್‌ ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ಉಳಿದದ್ದು ನಾಲ್ಕೇ ತಾಸು. ಅಷ್ಟರಲ್ಲಿ ಹನ್ನೆರಡು ವರ್ಷ ನಮ್ಮ ಜೊತೆಗಿದ್ದ ಸದ್ದನ್ನ ಒಂದು ಡಬ್ಬದೊಳಗೆ ಇಳಿಸ್ಕೋಬೇಕಿತ್ತು.

ಆ ಆಂಪ್ ಪೀವಿ 6505, 120 ವ್ಯಾಟ್‌ನದ್ದು. ಎಡ್ಡಿ ವ್ಯಾನ್ ಹೇಲನ್ ಜೊತೆ ಸೇರಿ ಪೀವಿಯವರು 1992ರಲ್ಲಿ ತಂದ 5150 ಅನ್ನೋ ಆಂಪೇ ಮುಂದೆ ಹೆಸರು ಬದಲಿಸ್ಕೊಂಡು 6505 ಆಗಿದ್ದು. ಮೆಟಲ್ ಕೇಳೋರಿಗೆ ಇದರ ಪರಿಚಯ ಮಾಡಿಕೊಡಬೇಕಿಲ್ಲ. 2013ರಲ್ಲಿ ನಾವಿಬ್ಬರೂ ಮೊದಲ ಕೆಲಸದ ಸಂಬಳ ಸೇರಿಸಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ವಿ. ಈಗ ಗೆಳೆಯ ಹೆಂಡತಿ ಮಗು ಸಮೇತ ಕೆನಡಾಗೆ ಹೊರಟಿದ್ದಾನೆ, ಮನೆಯವರು ಶೆಡ್ ಖಾಲಿ ಮಾಡಿ ಬಾಡಿಗೆಗೆ ಕೊಡ್ತಾರೆ. ಯಲಹಂಕ ನ್ಯೂ ಟೌನ್‌ನ ನನ್ನ ಎರಡನೇ ಮಹಡಿ ಮನೆಯಲ್ಲಿ ಅದನ್ನಿಟ್ಟರೆ ಆನ್ ಮಾಡೋಕೂ ಆಗಲ್ಲ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ ಹತ್ತರ ಮೇಲೆ 45 ಅಂತ ಕಾನೂನೇ ಇದೆ. ಅದಕ್ಕಿಂತ ದೊಡ್ಡ ಕಾನೂನು ನಮ್ಮ ಕೆಳಗಿನ ಮನೆ ಅಜ್ಜಿ.

ಬ್ಯಾಂಡ್ ಹುಟ್ಟಿದ್ದು 2011ರ ಅಕ್ಟೋಬರ್ 30ರ ರಾತ್ರಿ. ಅವತ್ತು ಅರಮನೆ ಮೈದಾನದಲ್ಲಿ ಮೆಟಾಲಿಕಾ. ಎರಡು ದಿನ ಮುಂಚೆ ಗುಡಗಾಂವ್‌ನ ಶೋ ರದ್ದಾಗಿತ್ತು, ಹಾಗಾಗಿ ಭಾರತದಲ್ಲಿ ಅವರು ಮೊದಲು ನುಡಿಸಿದ್ದು ನಮ್ಮೂರಲ್ಲೇ. 2007ರ ಮಾರ್ಚ್‌ನಲ್ಲಿ ಇದೇ ಮೈದಾನಕ್ಕೆ ಐರನ್ ಮೇಡನ್ ಬಂದಾಗ ನಾವು ಹೈಸ್ಕೂಲು, ಮನೇಲಿ ಬಿಟ್ಟಿರಲಿಲ್ಲ. ಆ ಬಾಕಿಯನ್ನೂ ಸೇರಿಸಿ ಕೂಗಾಡಿ, ಗಂಟಲು ಕಟ್ಟಿಸ್ಕೊಂಡು ಮೇಖ್ರಿ ಸರ್ಕಲ್ ದಾಟಿ ನಡ್ಕೊಂಡು ವಾಪಸ್ ಬರ್ತಾ ಇಬ್ಬರೂ ತೀರ್ಮಾನ ಮಾಡಿದ್ವಿ. ಮೂರು ಹಾಡು ಬರೆದ್ವಿ, ಕಾಲೇಜ್ ಫೆಸ್ಟ್‌ಗಳಲ್ಲಿ ನುಡಿಸಿದ್ವಿ, ರೆಕಾರ್ಡ್ ಮಾತ್ರ ಮಾಡಲಿಲ್ಲ. ಇವತ್ತು ನಾಳೆ ಅಂತ ಹೇಳ್ತಾ ಹೇಳ್ತಾ ವೀಸಾ ಬಂತು.

ಹಾಗಾಗಿ ನನ್ನ ಪ್ರೊಫೈಲರ್ ಹೊತ್ಕೊಂಡು ಹೋಗಿದ್ದೆ. ಜರ್ಮನಿಯ ಕ್ರಿಸ್ಟೋಫ್ ಕೆಂಪರ್ 2011ರಲ್ಲಿ ತಂದ ಡಬ್ಬ ಅದು, ಅವನ ಹೆಸರೇ ಅದಕ್ಕೂ. ಆಕಾರ ನೋಡಿ ನಮ್ಮಮ್ಮ ಇವತ್ತಿಗೂ ಅದನ್ನ ಟೋಸ್ಟರ್ ಅಂತಾರೆ. ತಮಾಷೆ ಅಂದ್ರೆ ಪ್ರಪಂಚದಾದ್ಯಂತ ಗಿಟಾರ್ ನುಡಿಸೋರೂ ಅದನ್ನ ಹಾಗೇ ಕರೀತಾರೆ. ಬೇರೆ ಡಿಜಿಟಲ್ ಆಂಪ್‌ಗಳು ಸರ್ಕ್ಯೂಟ್‌ನ ಲೆಕ್ಕ ಹಾಕಿ ನಕಲು ಮಾಡಿದರೆ, ಇದು ಎದುರಿಗಿರೋ ಆಂಪ್‌ಗೆ ತಾನೇ ಒಂದಷ್ಟು ಸದ್ದು ಕಳಿಸಿ, ಮೈಕ್‌ನಲ್ಲಿ ವಾಪಸ್ ಬಂದದ್ದನ್ನ ಹೋಲಿಸಿ ನೋಡಿ, ಆ ಕ್ಷಣದಲ್ಲಿ ಆ ಆಂಪ್, ಆ ಸ್ಪೀಕರ್, ಆ ಮೈಕ್ ಸೇರಿ ಹೇಗೆ ಕೇಳಿಸ್ತಿತ್ತೋ ಅದರ ಪಡಿಯಚ್ಚು ತೆಗೆಯುತ್ತೆ. ಅದೇ ಪ್ರೊಫೈಲ್. ಒಂದು ಸೆಟ್ಟಿಂಗ್‌ಗೆ ಒಂದು ಪ್ರೊಫೈಲ್, ಫೋಟೋ ಇದ್ದ ಹಾಗೆ.

ಇದನ್ನ ಬೋನಸ್ ದುಡ್ಡಲ್ಲಿ ತಗೊಂಡ ಮೊದಲ ಮೂರು ತಿಂಗಳು ನಾನು ನುಡಿಸಿದ್ದಕ್ಕಿಂತ ಡೌನ್‌ಲೋಡ್ ಮಾಡಿದ್ದೇ ಜಾಸ್ತಿ. ಪುಕ್ಕಟೆ ಸಿಗೋ ಪ್ರೊಫೈಲ್‌ಗಳೇ ಸಾವಿರಗಟ್ಟಲೆ. ರೆಕ್ಟಿಫೈಯರ್ ಒಂದು ನೂರು, ಮಾರ್ಷಲ್ ಒಂದು ನೂರು. ಆಫೀಸಿಂದ ಬಂದು ಹೆಡ್‌ಫೋನ್ ಹಾಕ್ಕೊಂಡು ರಾತ್ರಿ ಒಂದರವರೆಗೆ ಬಟನ್ ತಿರುಗಿಸೋದು. ಒಬ್ಬನೇ ಕೂತಾಗ ಆಹಾ ಅನ್ನಿಸ್ತಿತ್ತು. ರೆಕಾರ್ಡ್ ಮಾಡಿ ಡ್ರಮ್ಸ್ ಜೊತೆ ಕೇಳಿದ್ರೆ ತಗಡಿನ ಡಬ್ಬದಲ್ಲಿ ಜೇನುಹುಳ ಕೂಡಿ ಹಾಕಿದ ಹಾಗೆ.

ನಾನು ಕಳಿಸಿದ್ದನ್ನ ಗೆಳೆಯ ಹತ್ತು ಸೆಕೆಂಡ್ ಕೇಳಿ, 'ಲೋ, ಗೇನ್ ಅರ್ಧ ಮಾಡೋ' ಅಂತ ವಾಯ್ಸ್ ನೋಟ್ ಹಾಕ್ದ. ನಂಗೆ ಸಿಟ್ಟು ಬಂತು. ಮೆಟಲ್‌ಗೆ ಗೇನ್ ಕಮ್ಮಿ ಮಾಡೋದು ಅಂದ್ರೆ ಬಿರಿಯಾನಿಗೆ ಮಸಾಲೆ ಕಮ್ಮಿ ಮಾಡಿದ ಹಾಗಲ್ವಾ? ಮಾಡಿ ನೋಡಿದೆ. ಗೇನ್ ಏರಿಸಿದಷ್ಟೂ ಸಿಗ್ನಲ್‌ನ ತಲೆ ಚಪ್ಪಟೆ ಆಗುತ್ತೆ. ಜೋರಾಗಿ ಹೊಡೆದ ಪೆಟ್ಟೂ ಮೆಲ್ಲಗೆ ಹೊಡೆದ ಪೆಟ್ಟೂ ಒಂದೇ ಎತ್ತರ. ಅಂಗೈ ತಂತಿ ಮೇಲಿಟ್ಟು 'ಜುಗ್ ಜುಗ್' ಅನ್ನಿಸ್ತೀವಲ್ಲ, ಆ 'ಜ' ಅನ್ನೋ ಅಕ್ಷರವೇ ಮಾಯ, ಬರೀ 'ಉಊಊ' ಉಳಿಯುತ್ತೆ. ಮೇಲಿಂದ ಒಂದೇ ರಿಫ್ಫನ್ನ ಎರಡು ಸಲ ನುಡಿಸಿ ಎಡಕ್ಕೊಂದು ಬಲಕ್ಕೊಂದು ಇಡ್ತೀವಿ, ಎರಡರ ಗೇನೂ ಸೇರಿ ಕಿವಿಗೆ ದಪ್ಪಗೆ ಕೇಳೇ ಕೇಳುತ್ತೆ. ಒಂದೊಂದರಲ್ಲಿ ಸ್ವಲ್ಪ ಕಮ್ಮಿ ಅನ್ನಿಸೋಷ್ಟಿದ್ದರೆ ಎರಡೂ ಸೇರಿದಾಗ ಸರಿ ಹೋಗುತ್ತೆ.

ಎರಡನೇ ತಪ್ಪು ಮಿಡ್ ಕಡಿಮೆ ಮಾಡಿದ್ದು. ಬಾಸ್ ಮೇಲೆ, ಟ್ರೆಬಲ್ ಮೇಲೆ, ನಡುವೆ ಹಳ್ಳ. ಇದು ನನ್ನೊಬ್ಬನ ದಡ್ಡತನ ಅಲ್ಲ, ಕಿವಿಯ ಗುಣವೇ ಹಾಗೆ. ಸದ್ದು ಸಣ್ಣದಿದ್ದಾಗ ಕಿವಿಗೆ ಬಾಸ್ ಕಡಿಮೆ ಕೇಳುತ್ತೆ, ತೀರಾ ಮೇಲಿನದೂ ಅಷ್ಟಕ್ಕಷ್ಟೆ. ಫ್ಲೆಚರ್, ಮನ್ಸನ್ ಅನ್ನೋ ಇಬ್ಬರು ಇದನ್ನ 1933ರಲ್ಲೇ ಅಳೆದು ತೋರಿಸಿದ್ರು. ರಾತ್ರಿ ಮನೆಯವರಿಗೆ ತೊಂದರೆ ಆಗಬಾರದು ಅಂತ ಸಣ್ಣಗೆ ಇಟ್ಟು, ಕೇಳದೇ ಇದ್ದದ್ದನ್ನ ಏರಿಸ್ತೀವಿ. ಬೆಳಿಗ್ಗೆ ಜೋರಾಗಿ ಹಾಕಿದ್ರೆ ಕೆಳಗೆ ಗುಡುಗು, ಮೇಲೆ ಕೀರಲು, ಗಿಟಾರ್ ಎಲ್ಲೋ ಕಾಣೆ. ಗಿಟಾರ್ ಇರೋದೇ ಮಿಡ್‌ನಲ್ಲಿ. ಡ್ರಾಪ್ ಸಿ ಟ್ಯೂನಿಂಗ್‌ನ ದಪ್ಪ ತಂತಿ 65 ಹರ್ಟ್ಸ್ ಹತ್ತಿರ ಮಿಡಿಯುತ್ತೆ, ಆ ಜಾಗ ಬಾಸ್ ಗಿಟಾರ್ ನುಡಿಸೋನಿಗೆ ಬಿಟ್ಟುಬಿಡಿ, ಪಾಪ ಅವನಿಗೂ ಏನಾದ್ರೂ ಕೆಲಸ ಬೇಕಲ್ಲ. ನಾನು ಈಗ 80ರಿಂದ 100 ಹರ್ಟ್ಸ್ ಕೆಳಗಿನದನ್ನೂ, 8ರಿಂದ 10 ಸಾವಿರ ಹರ್ಟ್ಸ್ ಮೇಲಿನದನ್ನೂ ಈಕ್ಯೂನಲ್ಲಿ ಕತ್ತರಿಸ್ತೀನಿ. ಜೇನುಹುಳ ಇದ್ದದ್ದು ಆ ಮೇಲಿನ ಜಾಗದಲ್ಲೇ.

ಮೂರನೇದು ಹಳೇ ಉಪಾಯ. ಆಂಪ್‌ಗೆ ಮುಂಚೆ ಹಸಿರು ಬಣ್ಣದ ಟ್ಯೂಬ್ ಸ್ಕ್ರೀಮರ್ ಪೆಡಲ್ ಇಟ್ಟು, ಅದರ ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ. ಡಿಸ್ಟಾರ್ಷನ್‌ಗೆ ಅಂತಲ್ಲ, ಆಂಪ್‌ ಒಳಗೆ ಹೋಗೋ ಮುಂಚೆಯೇ ಬಾಸ್ ತೆಳುವಾಗಲಿ, ಮಿಡ್ ಉಬ್ಬಲಿ ಅಂತ. ಪ್ರೊಫೈಲರ್‌ನಲ್ಲಿ ಇದು ಗ್ರೀನ್ ಸ್ಕ್ರೀಮ್ ಅನ್ನೋ ಹೆಸರಲ್ಲಿದೆ. ಹಾಕಿದ ತಕ್ಷಣ ರಿಫ್ ಬೆಲ್ಟ್ ಬಿಗಿ ಮಾಡ್ಕೊಂಡ ಹಾಗಾಗುತ್ತೆ. ನಾಯ್ಸ್ ಗೇಟ್ ಬೇಕು, ಆದರೆ ಜಾಸ್ತಿ ಆದ್ರೆ ಎಳೆದ ಸ್ವರದ ಬಾಲವೇ ಕತ್ತರಿಸಿ ಹೋಗುತ್ತೆ. ಹೊಸ ತಂತಿ ಹಾಕಿ ಅಂತ ಬೇರೆ ಹೇಳಬೇಕಾ? ನಾನು ಏಳು ತಿಂಗಳು ಹಾಕಿರಲಿಲ್ಲ.

ಇಷ್ಟೆಲ್ಲ ಕಲಿತರೂ ಒಂದು ಕೊರಗು ಉಳಿದಿತ್ತು. ಯಾರೋ ಎಲ್ಲೋ ತೆಗೆದ 6505 ಪ್ರೊಫೈಲ್‌ಗಳು ಚೆನ್ನಾಗೇ ಇದ್ದವು, ಆದರೆ ನಮ್ಮದರ ಹಾಗಿರಲಿಲ್ಲ. ನಮ್ಮ ಕ್ಯಾಬಿನೆಟ್‌ನ ಒಂದು ಸ್ಪೀಕರ್ ಯಾವತ್ತೋ ಬದಲಾಗಿತ್ತು, ಅದರಿಂದ ಒಂಥರಾ ಒರಟು ಗಂಟಲು ಬಂದಿತ್ತು. ಆ ಭಾನುವಾರ ಬೇಕಿದ್ದದ್ದು ಅದೇ ಗಂಟಲು.

ಪಕ್ಕದ ಮನೆ ಆಂಟಿಗೆ ಹೇಳಿ ಶುರು ಮಾಡೋಣ ಅಂತ ಗೇಟ್ ಹತ್ರ ಹೋದ್ವಿ. 'ಯಜಮಾನ್ರು ಊಟ ಮಾಡಿ ಮಲಗಿದಾರಪ್ಪ, ಮೂರೂವರೆಗೆ ಏಳ್ತಾರೆ, ಆಮೇಲೆ ಏನಾದ್ರೂ ಹೊಡ್ಕೊಳ್ಳಿ' ಅಂದ್ರು. ಹೋಯ್ತು ಒಂದೂವರೆ ಗಂಟೆ. ಅಷ್ಟು ಹೊತ್ತು ವಾಲ್ಯೂಮ್ ಸಣ್ಣಗಿಟ್ಟು ಕೇಬಲ್ ಜೋಡಿಸ್ತಾ ಕೂತ್ವಿ. ಈಗ ನೋಡಿದ್ರೆ ಅದೇ ನಮ್ಮನ್ನ ಉಳಿಸಿದ್ದು. ಯಾಕಂದ್ರೆ ಹೆಡ್‌ಫೋನ್‌ನಲ್ಲಿ 'ಹೂಂ' ಅಂತ ಒಂದು ಗುಯ್‌ಗುಡುವಿಕೆ, ನಮ್ಮ ಕರೆಂಟ್‌ನ 50 ಹರ್ಟ್ಸ್ ಸಂತತಿ. ಹಾಗೇ ಪ್ರೊಫೈಲ್ ತೆಗೆದಿದ್ರೆ ಲೆಕ್ಕವೇ ಕೆಡ್ತಿತ್ತು.

ಲ್ಯಾಪ್‌ಟಾಪ್ ಚಾರ್ಜರ್ ಕಿತ್ತೆ, ಸ್ವಲ್ಪ ಕಮ್ಮಿ ಆಯ್ತು. ಎಲ್‌ಇಡಿ ಟ್ಯೂಬ್ ಆರಿಸಿದ್ವಿ, ಇನ್ನೂ ಸ್ವಲ್ಪ. ಪ್ರೊಫೈಲರ್‌ನಿಂದ ಆಂಪ್‌ಗೆ ಒಂದು ದಾರಿ, ಮೈಕ್‌ನಿಂದ ವಾಪಸ್ ಒಂದು ದಾರಿ, ಎರಡೂ ಸೇರಿ ಗ್ರೌಂಡ್ ಲೂಪ್ ಆಗುತ್ತೆ ಅಂತ ಡೈರೆಕ್ಟ್ ಔಟ್‌ನ ಗ್ರೌಂಡ್ ಲಿಫ್ಟ್ ಒತ್ತಿದ್ವಿ. ಆದರೂ ಹೋಗಲಿಲ್ಲ. ಕಾಫಿ ತಂದ ಗೆಳೆಯನ ಅಪ್ಪ ಎರಡು ನಿಮಿಷ ನಿಂತು ಕೇಳಿ, ಒಳಗಿಂದ ಟೆಸ್ಟ್ ಲ್ಯಾಂಪ್ ತಂದು ಸಾಕೆಟ್‌ಗೆ ಹಿಡಿದ್ರು. ಶೆಡ್‌ನ ಮೂರು ಪಿನ್ ಸಾಕೆಟ್‌ನಲ್ಲಿ ಅರ್ತ್‌ಗೆ ವೈರೇ ಬಂದಿಲ್ಲ! 'ಹನ್ನೆರಡು ವರ್ಷದಿಂದ ಅರ್ತ್ ಇಲ್ದೇ ಹೊಡೀತಿದ್ರೇನ್ರೋ? ಬದುಕಿದೀರಲ್ಲ' ಅಂತ ನಮಗೇ ಬೈದ್ರು. ವೈರಿಂಗ್ ಮಾಡಿಸಿದ್ದು ಅವರೇ ಅಂತ ನಾವ್ಯಾರೂ ನೆನಪಿಸಲಿಲ್ಲ. ಅಡುಗೆಮನೆ ಸಾಕೆಟ್‌ನಿಂದ ಎಕ್ಸ್‌ಟೆನ್ಷನ್ ಎಳೆದು ಎಲ್ಲವನ್ನೂ ಅದೊಂದಕ್ಕೇ ಹಾಕಿದ ಮೇಲೆ ಸದ್ದಡಗಿತು. ಮನೇಲಿ ಟ್ಯೂಬ್ ಆಂಪ್ ಇರೋರು ಇದೊಂದನ್ನ ದಯವಿಟ್ಟು ಚೆಕ್ ಮಾಡಿಸಿ. ಹಮ್ ಹೋಗಲಿ ಅಂತ ಪ್ಲಗ್‌ನ ಅರ್ತ್ ಪಿನ್ ಮುರಿಯೋ ಬುದ್ಧಿವಂತರನ್ನೂ ನೋಡಿದೀನಿ, ಟ್ಯೂಬ್ ಆಂಪ್ ಒಳಗೆ ನೂರಾರು ವೋಲ್ಟ್ ಇರುತ್ತೆ.

ಮೂರೂವರೆಗೆ ಅಂಕಲ್ ಎದ್ದ ಸುದ್ದಿ ಬಂತು. ಮೈಕ್ ಇಡೋದಕ್ಕೇ ಮುಕ್ಕಾಲು ಗಂಟೆ ಹಿಡೀತು. ಶ್ಯೂರ್ ಎಸ್‌ಎಂ57, ಅದೊಂದೇ ಮೈಕ್. ಸ್ಪೀಕರ್‌ನ ನಟ್ಟನಡುವೆ ಇಟ್ಟರೆ ಕಿವಿ ಕೊರೆಯೋ ಹೊಳಪು, ಅಂಚಿಗೆ ತಂದಷ್ಟೂ ಮಂಕು. ನಾನು ಒಳಗಿನ ರೂಮಿನಲ್ಲಿ ಹೆಡ್‌ಫೋನ್ ಹಾಕ್ಕೊಂಡು ನುಡಿಸೋದು, ಕಿವಿಗೆ ಹತ್ತಿ ತುರುಕ್ಕೊಂಡ ಅವನು ಬೆರಳಗಲ ಬೆರಳಗಲ ಮೈಕ್ ಸರಿಸೋದು, ಸರಿ ಅನ್ನಿಸಿದಾಗ ನಾನು ಫೋನ್‌ನಲ್ಲಿ 'ಸ್ಟಾಪ್' ಅಂತ ಮೆಸೇಜ್ ಹಾಕೋದು. ನಡುಗುಬ್ಬಿನ ಅಂಚಿಗಿಂತ ಒಂದು ಬೆರಳು ಹೊರಗೆ ಬಂದಾಗ ಆ ಒರಟು ಗಂಟಲು ಸಿಕ್ತು. ಪ್ರೊಫೈಲ್ ಆದಮೇಲೆ ಏನೇ ತಿದ್ದಿದರೂ ಈ ಒಂದು ಬೆರಳಿನ ಕೆಲಸ ಈಕ್ಯೂನಲ್ಲಿ ಬರಲ್ಲ.

ಬಟನ್ ಒತ್ತಿದೆ. ಹಾರುವ ತಟ್ಟೆ ಇಳಿದ ಹಾಗೆ ಕುಂಯ್, ಝೂಂಯ್, ಗರ್ರ್. ಕಾಂಪೌಂಡ್ ಆಚೆಯಿಂದ ಆಂಟಿ ಇಣುಕಿ 'ಮಿಕ್ಸಿ ಕೆಟ್ಟೋಗಿದ್ಯಾ?' ಅಂದ್ರು. ಆಮೇಲೆ ರಿಫೈನ್ ಅನ್ನೋ ಹಂತ. ಅದರಲ್ಲಿ ನಾವೇ ಗಿಟಾರ್ ನುಡಿಸಬೇಕು, ಅದನ್ನ ಕೇಳಿ ಡಬ್ಬ ಇನ್ನಷ್ಟು ತಿದ್ದಿಕೊಳ್ಳುತ್ತೆ. ಅದನ್ನ ಗೆಳೆಯನೇ ನುಡಿಸಿದ. ಗೇನ್ ಮೂರು ಹಂತದಲ್ಲಿಟ್ಟು, ಪೆಡಲ್ ಇದ್ದು, ಇಲ್ಲದೆ, ಒಟ್ಟು ಆರು ಪ್ರೊಫೈಲ್.

ಅವನ ಹತ್ರ ಪ್ರೊಫೈಲರ್ ಇಲ್ಲ, ತಗೊಳ್ಳೋ ಸ್ಥಿತಿಯಲ್ಲೂ ಈಗಿಲ್ಲ. ಅದಕ್ಕೆ ಇನ್ನೊಂದು ಕೆಲಸ ಮಾಡಿದ್ವಿ. ನ್ಯೂರಲ್ ಆಂಪ್ ಮಾಡೆಲರ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಎಲ್ಲರೂ ನ್ಯಾಮ್ ಅಂತಾರೆ. ಅದು ಕೊಡೋ ಮೂರು ನಿಮಿಷ ಚಿಲ್ಲರೆಯ ಒಂದು ಸೌಂಡ್ ಫೈಲ್ ಅನ್ನ ರೀಆಂಪ್ ಬಾಕ್ಸ್ ಮೂಲಕ ಆಂಪ್‌ಗೆ ಕಳಿಸಿ, ಮೈಕ್‌ನಲ್ಲಿ ಬಂದದ್ದನ್ನ ರೆಕಾರ್ಡ್ ಮಾಡ್ಕೊಂಡ್ರೆ ಸಾಕು, ಉಳಿದದ್ದನ್ನ ಕಂಪ್ಯೂಟರ್ ಕಲಿಯುತ್ತೆ. ಲ್ಯಾಪ್‌ಟಾಪ್, ಸಣ್ಣ ಆಡಿಯೋ ಇಂಟರ್‌ಫೇಸ್ ಇದ್ದರೆ ಅದೇ ಆಂಪ್. ಪಿಜಿಯಲ್ಲಿರೋರು ನನ್ನ ಹಾಗೆ ಬೋನಸ್‌ಗೆ ಕಾಯದೆ ಇಲ್ಲಿಂದಲೇ ಶುರು ಮಾಡಬಹುದು. ಡಿಜಿಟಲ್ ಅಂದ್ರೆ ಮೂಗು ಮುರಿಯೋರಿಗೆ ಒಂದು ಮಾತು: ಅರಮನೆ ಮೈದಾನವನ್ನ ನಡುಗಿಸಿದ ಅದೇ ಮೆಟಾಲಿಕಾ, 2013ರ ಡಿಸೆಂಬರ್‌ನಲ್ಲಿ ಅಂಟಾರ್ಕ್ಟಿಕಾದಲ್ಲಿ ನುಡಿಸಿದಾಗ ಡಿಜಿಟಲ್ ಪೆಟ್ಟಿಗೆಗಳನ್ನೇ ಬಳಸಿತ್ತು. ಅಲ್ಲಿನ ಪರಿಸರಕ್ಕೆ ಸದ್ದಾಗಬಾರದು ಅಂತ ಕೇಳುಗರಿಗೆಲ್ಲ ಹೆಡ್‌ಫೋನ್. ಅಂಟಾರ್ಕ್ಟಿಕಾಗೂ ಯಲಹಂಕಕ್ಕೂ ಏನು ವ್ಯತ್ಯಾಸ ಹೇಳಿ, ಅಲ್ಲಿ ಪೆಂಗ್ವಿನ್, ಇಲ್ಲಿ ಅಜ್ಜಿ.

ಐದೂವರೆಗೆ ಅವನು ಅಸಲಿ ಆಂಪ್‌ನಲ್ಲೇ ಮೊದಲ ಹಾಡಿನ ಗಿಟಾರ್ ರೆಕಾರ್ಡ್ ಮಾಡಿದ. ಒಂದೇ ಟೇಕ್. ಆರಕ್ಕೆ ಸರಿಯಾಗಿ ಯಶವಂತಪುರದ ಹುಡುಗ ಗೂಡ್ಸ್ ಆಟೋ ತಂದ. ಇಪ್ಪತ್ತೊಂದು ಇಪ್ಪತ್ತೆರಡು ವಯಸ್ಸು. ಆನ್ ಮಾಡಿ ನುಡಿಸಿ ನೋಡು ಅಂದ್ರೆ ಗೇನ್ ನೇರ ಹತ್ತಕ್ಕೆ ತಿರುಗಿಸ್ದ. ನಾವಿಬ್ಬರೂ ಮುಖ ನೋಡ್ಕೊಂಡ್ವಿ, ಏನೂ ಹೇಳಲಿಲ್ಲ. ಶೆಡ್‌ನ ಅರ್ತ್ ಕಥೆ ಮಾತ್ರ ಹೇಳಿ ಕಳಿಸಿದ್ವಿ.

ಗುರುವಾರ ರಾತ್ರಿ ಗೆಳೆಯನನ್ನ ಏರ್‌ಪೋರ್ಟ್‌ಗೆ ಬಿಡೋಕೆ ಹೊರಟೆ. ಹೆಬ್ಬಾಳ ಫ್ಲೈಓವರ್‌ನಲ್ಲಿ ಎಂದಿನಂತೆ ಜಾಮ್. ಕಾರಿನಲ್ಲಿ ಒಂದೇ ರಿಫ್ಫನ್ನ ಎರಡು ಸಲ ಹಾಕಿದೆ, ಒಂದು ಅಸಲಿ ಆಂಪ್, ಒಂದು ಪ್ರೊಫೈಲ್. 'ಯಾವುದು ಹೇಳು.' ಮೊದಲ ಸಲ ತಪ್ಪು ಹೇಳಿದ. ಎರಡನೇ ಸಲವೂ ತಪ್ಪು. ಮೂರನೇ ಸಲ ಕಣ್ಣು ಮುಚ್ಚಿ ಕೇಳಿ, 'ಇದು ಅಸಲಿ, ಪಕ್ಕಾ' ಅಂದ. ಹೆಂಗೆ ಗೊತ್ತಾಯ್ತೋ ಅಂದ್ರೆ ಹಿಂದಕ್ಕೆ ಎಳೆದು ಮತ್ತೆ ಹಾಕಿದ. ರಿಫ್ ನಡುವೆ ತಂತಿ ಹಿಡಿದು ನಿಲ್ಲಿಸೋ ಜಾಗ ಇದೆಯಲ್ಲ, ಆ ಅರ್ಧ ಸೆಕೆಂಡ್ ಮೌನದಲ್ಲಿ, ತುಂಬಾ ದೂರದಲ್ಲಿ, ಆಂಟಿ ಮನೆ ಕುಕ್ಕರ್ ಸೀಟಿ.

ಎರಡು, ಮೂರನೇ ಹಾಡಿನ ಗಿಟಾರ್ ಅಲ್ಲಿಂದಲೇ ನುಡಿಸಿ ಕಳಿಸ್ತೀನಿ ಅಂದಿದ್ದಾನೆ. ಮೊದಲ ಹಾಡಿಗೆ ಆ ಕುಕ್ಕರ್ ಇರೋ ಟೇಕನ್ನೇ ಇಟ್ಕೊಂಡಿದೀವಿ.